ಮಾಸ್ತರರ ಕೈ ಕಟ್ಟಿ ಕನ್ನಡ ಸಾಲಿ ಉಳಿಸುತ್ತೀರಾ?



ಜಮಖಂಡಿಯ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಈ ಪತ್ರಿಕೆ ಬಿಡಿಸಿದವರೇ, ಮುಧೋಳದ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದವರೇ, ಬನಹಟ್ಟಿಯ ಪವರ್‌ಲೂಮ್ ಸದ್ದಿನ ನಡುವೆ ಕಣ್ಣಾಡಿಸುತ್ತಿರುವವರೇ, ಬೀಳಗಿಯಿಂದ ಬೆಂಗಳೂರಿಗೆ ದುಡಿಯಲು ಹೋಗಿ ಹಬ್ಬಕ್ಕೆ ಊರಿಗೆ ಬಂದವರೇ, ನಿಮಗೆಲ್ಲ ಒಂದೇ ಪ್ರಶ್ನೆ.

ನವೆಂಬರ್ 1ರಂದು ನಿಮ್ಮ ಓಣಿಯಲ್ಲಿ ಹಳದಿ ಕೆಂಪು ಬಾವುಟ ಕಟ್ಟಿದಿರಿ. ಭುವನೇಶ್ವರಿಯ ಮೆರವಣಿಗೆ ಮಾಡಿದಿರಿ. ಸಂತೋಷ. ಆ ಬಾವುಟದ ಕಂಬದಿಂದ ನಾಲ್ಕು ಹೆಜ್ಜೆ ದೂರದಲ್ಲಿರುವ ಸರ್ಕಾರಿ ಶಾಲೆಯ ಒಳಗೆ ನೀವು ಕೊನೆಯ ಸಲ ಕಾಲಿಟ್ಟದ್ದು ಯಾವಾಗ? ಮತದಾನದ ದಿನವನ್ನು ಬಿಟ್ಟು ಹೇಳಿ!

ಉತ್ತರ ತಡವರಿಸಿದರೆ ನಾಚಿಕೆಪಡಬೇಡಿ. ಈ ಪತ್ರಿಕೆ ಹಂಚುವ ನಮ್ಮ ಹುಡುಗರೂ ತಡವರಿಸಿದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆದೇಶ ಬಿತ್ತು, ಉಳಿದದ್ದೇನು?

ನಮ್ಮ ಸೀಮೆಯಲ್ಲಿ ಪ್ರಾಥಮಿಕ ಶಾಲೆಗೆ ಹಿರಿಯರು ಇಂದಿಗೂ 'ಕನ್ನಡ ಸಾಲಿ' ಎನ್ನುತ್ತಾರೆ. ಆ ಹೆಸರಿನ ಬೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದೆ ನೋಡಬೇಕು. 1948ರವರೆಗೆ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ಅರಮನೆಯ ಮಾತು ಮರಾಠಿ, ಓಣಿಯ ಮಾತು ಕನ್ನಡ. ಪಕ್ಕದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲೂ 19ನೇ ಶತಮಾನದಲ್ಲಿ ಕನ್ನಡದ ಮಕ್ಕಳು ಮರಾಠಿಯಲ್ಲಿ ಪಾಠ ಕೇಳುತ್ತಿದ್ದರು. ಅದನ್ನು ಬದಲಿಸಲು ದುಡಿದವರಲ್ಲಿ ಮೊದಲ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಅವರು ಸೇನಾಪತಿಯಲ್ಲ, ಶಾಸಕರಲ್ಲ. ಶಿಕ್ಷಣ ಇಲಾಖೆಯ ನೌಕರ. ತಮ್ಮ ಕೈಯಲ್ಲಿದ್ದ ಪುಟ್ಟ ಅಧಿಕಾರವನ್ನು ತಮ್ಮ ವಿವೇಚನೆಯಿಂದ ಮಕ್ಕಳ ಪರವಾಗಿ ಬಳಸಿದ ಮನುಷ್ಯ.

ಆಮೇಲೆ ನಾವು ಆದೇಶಗಳ ಹಿಂದೆ ಬಿದ್ದೆವು. 1982ರಲ್ಲಿ ಗೋಕಾಕ ವರದಿಗಾಗಿ ನಾಡೇ ಬೀದಿಗಿಳಿಯಿತು. 1994ರ ಏಪ್ರಿಲ್ 29ರಂದು ಸರ್ಕಾರ ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿಯವರೆಗೆ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ. 2008ರಲ್ಲಿ ಹೈಕೋರ್ಟ್ ಅದನ್ನು ಖಾಸಗಿ ಶಾಲೆಗಳ ಮಟ್ಟಿಗೆ ತಳ್ಳಿಹಾಕಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಮಾಧ್ಯಮದ ಆಯ್ಕೆ ತಂದೆತಾಯಿಗಳದು, ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಿತು.

ಈ ತೀರ್ಪಿನ ಮೇಲೆ ನಮಗೆ ಸಿಟ್ಟಿದೆ, ಇರಲಿ. ಆದರೆ ಸಿಟ್ಟು ಇಳಿದ ಮೇಲೆ ಒಂದು ಸತ್ಯ ಒಪ್ಪಿಕೊಳ್ಳಬೇಕು. ಇನ್ನು ಮೇಲೆ ಕನ್ನಡ ಸಾಲಿ ತುಂಬುವುದು ಆದೇಶದಿಂದಲ್ಲ. ತಂದೆತಾಯಿಗಳು ನಂಬಿದರೆ ತುಂಬುತ್ತದೆ, ನಂಬದಿದ್ದರೆ ಖಾಲಿಯಾಗುತ್ತದೆ. ಆ ನಂಬಿಕೆ ಬೆಂಗಳೂರಿನ ವಿಧಾನಸೌಧದಲ್ಲಿ ಹುಟ್ಟುವುದಿಲ್ಲ. ಒಬ್ಬ ಮಾಸ್ತರರು, ಒಬ್ಬ ಅಕ್ಕೋರು, ಒಂದು ಮಗುವಿನ ವಿಷಯದಲ್ಲಿ ದಿನವೂ ತೆಗೆದುಕೊಳ್ಳುವ ಸಣ್ಣ ತೀರ್ಮಾನಗಳಲ್ಲಿ ಹುಟ್ಟುತ್ತದೆ. ಆ ತೀರ್ಮಾನ ತೆಗೆದುಕೊಳ್ಳಲು ನಾವು ಅವರನ್ನು ಬಿಟ್ಟಿದ್ದೇವೆಯೇ? ಇದು ನನ್ನ ಪ್ರಶ್ನೆ.

'ಹೋಗ್ಯಾಳ್ರೀ' ಎಂದ ಮಗು

ಒಂದನೇ ತರಗತಿಯ ಹುಡುಗಿ. ಬೀಳಗಿ ತಾಲ್ಲೂಕಿನ ಯಾವುದೇ ಹಳ್ಳಿ ಎಂದಿಟ್ಟುಕೊಳ್ಳಿ. "ನಿಮ್ಮ ತಾಯಿ ಎಲ್ಲಿ?" ಎಂದು ಟೀಚರ್ ಕೇಳುತ್ತಾರೆ. ಹುಡುಗಿ ಎದ್ದು ನಿಂತು, "ನಮ್ಮವ್ವ ಹೊಲಕ್ಕ ಹೋಗ್ಯಾಳ್ರೀ" ಎನ್ನುತ್ತಾಳೆ.

"ಹೋಗ್ಯಾಳ್ರೀ ಅಲ್ಲ. ಹೋಗಿದ್ದಾಳೆ ಅನ್ನು. ಸರಿಯಾಗಿ ಕನ್ನಡ ಮಾತಾಡು!"

ಕನ್ನಡ ನಾಡಿನಲ್ಲಿ, ಕನ್ನಡ ಸಾಲಿಯಲ್ಲಿ, ಕನ್ನಡದ ಕೂಸಿಗೆ ನಿನ್ನದು ಕನ್ನಡವಲ್ಲ ಎಂಬ ಪಾಠ! ಬೆಂಗಳೂರಿನ ಅಂಗಡಿಯ ಬೋರ್ಡಿಗೆ ನಾವು ಮಸಿ ಬಳಿಯುತ್ತೇವೆ. ಈ ಕೂಸಿನ ಬಾಯಿ ಮುಚ್ಚಿಸಿದ್ದಕ್ಕೆ ಯಾರ ಮುಂದೆ ಧರಣಿ ಕೂಡೋಣ? ಆ ಮಗು ನಾಳೆಯಿಂದ ಕೈ ಎತ್ತುವುದಿಲ್ಲ. ಅವ್ವನ ಮಾತು ಕಡಿಮೆಯದು ಎಂದು ಐದು ವರ್ಷಕ್ಕೇ ಕಲಿತುಬಿಟ್ಟಿತು. ಇಪ್ಪತ್ತು ವರ್ಷಕ್ಕೆ ಅದೇ ಮಗು ತನ್ನ ಕೂಸನ್ನು ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದರೆ ಅಚ್ಚರಿಯೇನು?

ಬಲ್ಲ ಶಿಕ್ಷಕಿ ಬೇರೆ ದಾರಿ ಹಿಡಿಯುತ್ತಾರೆ. "ಹೌದೇನವ್ವಾ? ಹೊಲದಾಗ ಏನ್ ಬೆಳದೀರಿ?" ಎಂದು ಮಾತು ಮುಂದುವರಿಸುತ್ತಾರೆ. ಮಗು ಕಬ್ಬಿನ ಸುದ್ದಿ, ಗೋವಿನಜೋಳದ ಸುದ್ದಿ ಹೇಳಿ ಮುಗಿಸಿದ ಮೇಲೆ ಹಲಗೆಯ ಮೇಲೆ ಎರಡೂ ಬರೆಯುತ್ತಾರೆ: ಇದು ಮನೆಯಲ್ಲಿ ಆಡುವ ಮಾತು, ಇದು ಪುಸ್ತಕದಲ್ಲಿ ಬರೆಯುವ ಮಾತು. ಎರಡೂ ನಿನ್ನವೇ. ಇದನ್ನು ಯಾವ ಸುತ್ತೋಲೆಯೂ ಹೇಳಿಕೊಡಲಾರದು. ಮಗುವಿನ ಮುಖ ನೋಡಿ ಆ ಕ್ಷಣದಲ್ಲಿ ತೀರ್ಮಾನಿಸಬೇಕು. ವೃತ್ತಿಯ ವಿವೇಚನೆ ಎಂದರೆ ಇದೇ. ಡಾಕ್ಟರಿಗೆ ನಾಡಿ ಹಿಡಿಯುವುದು ಹೇಗೋ, ಮಾಸ್ತರರಿಗೆ ಇದು ಹಾಗೆ.

ಇನ್ನೊಂದು ಮಾತು, ನಮ್ಮವರಿಗೆ ಸ್ವಲ್ಪ ಖಾರವಾದೀತು. ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ ಕಟಾವಿನ ಗ್ಯಾಂಗುಗಳು ಮುಧೋಳ, ಜಮಖಂಡಿ ಭಾಗಕ್ಕೆ ಬರುತ್ತವೆ. ಹೊಲದ ಅಂಚಿನಲ್ಲಿ ಗುಡಿಸಲು, ಗುಡಿಸಲಿನ ಮುಂದೆ ಮಕ್ಕಳು. ಕೆಲವರ ಮಾತು ಮರಾಠಿ, ಕೆಲವರದು ಲಂಬಾಣಿ. ಜತ್ತ, ಅಕ್ಕಲಕೋಟೆಯ ಕನ್ನಡದ ಮಗುವಿಗೆ ಕನ್ನಡದಲ್ಲಿ ಪಾಠ ಬೇಕು, ಕಾಸರಗೋಡಿನ ಮಗುವಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕು ಎಂದು ಗಂಟಲು ಹರಿದುಕೊಳ್ಳುವ ನಾವು, ನಮ್ಮ ಹೊಲದ ಬದುವಿನ ಮೇಲೆ ಕೂತ ಆ ಮಗುವಿನ ಮಾತಿಗೆ ಕಿವಿಗೊಡದಿದ್ದರೆ ನಮ್ಮ ಹೋರಾಟಕ್ಕೆ ಮುಖವೆಲ್ಲಿ? 2009ರ ಶಿಕ್ಷಣ ಹಕ್ಕು ಕಾಯ್ದೆ, ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಎನ್ನುತ್ತದೆ. ಆ ಮಗುವನ್ನು ಕರೆದು ಕೂರಿಸಿಕೊಂಡು, ಅದರ ಮಾತಿನ ನಾಲ್ಕು ಶಬ್ದ ತಾವೇ ಕಲಿತು, ಅಲ್ಲಿಂದ ಕನ್ನಡದ ಕಡೆಗೆ ಕೈಹಿಡಿದು ನಡೆಸುವ ಮಾಸ್ತರರೇ ನಿಜವಾದ ಕನ್ನಡದ ಕಟ್ಟಾಳು.

ಮಗ್ಗದ ಅಂಚಿನಲ್ಲಿ ಕೂತ ಗುರುಗಳು

ನಾನು ಬನಹಟ್ಟಿಯ ನೇಕಾರರ ಓಣಿಯವನು. ಮೂರನೇ ಇಯತ್ತೆಯಲ್ಲಿದ್ದಾಗ ದಿನವೂ ತಡವಾಗಿ ಸಾಲಿಗೆ ಹೋಗುತ್ತಿದ್ದೆ. ಬೆಳಗಾಗುವ ಮುಂಚೆ ಎದ್ದು ಅವ್ವನ ಜೊತೆ ಕಂಡಿಕೆ ಸುತ್ತಬೇಕು, ಇಲ್ಲದಿದ್ದರೆ ಅಪ್ಪನ ಮಗ್ಗ ನಿಲ್ಲುತ್ತಿತ್ತು. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಬೇಕೆಂಬುದು ಸಾಲಿಯ ನಿಯಮ. ನಮ್ಮ ಗುರುಗಳು ನಾಲ್ಕು ದಿನ ನಿಲ್ಲಿಸಿದರು. ಐದನೆಯ ದಿನ ಸಂಜೆ ಮನೆಗೆ ಬಂದರು.

ಅಪ್ಪ ಗಾಬರಿಯಾಗಿ ಎದ್ದ. ಗುರುಗಳು ಮಗ್ಗದ ಅಂಚಿನಲ್ಲೇ ಕೂತು ನೀರು ಕೇಳಿದರು. ಬೈಯಲಿಲ್ಲ. ಸೀರೆಗೆ ಎಷ್ಟು ಕೂಲಿ, ಸಾವುಕಾರ ಎಷ್ಟು ಮುರಿದುಕೊಳ್ಳುತ್ತಾನೆ, ವಾರಕ್ಕೆ ಎಷ್ಟು ಸೀರೆ ಇಳಿಯುತ್ತದೆ ಎಂದು ಕೇಳಿದರು. ಕೊನೆಗೆ ಹೇಳಿದ್ದು ಇಷ್ಟೇ: "ನಿಮ್ಮ ಮಗ್ಗಾನೂ ನಿಂದರಬಾರದು, ಹುಡುಗನ ಸಾಲೀನೂ ನಿಂದರಬಾರದು. ಕಂಡಿಕಿ ಸಂಜೀಕ ಸುತ್ತಸ್ರಿ. ಮುಂಜಾನೆ ಹತ್ತು ನಿಮಿಷ ತಡಾ ಆದ್ರ ನಾ ನೋಡ್ಕೋತೀನಿ." ಅಪ್ಪ, "ಆತ್ರೀ ಗುರುಗಳ" ಎಂದ. ಮಾತು ಉಳಿಸಿಕೊಂಡ.

ಮರುದಿನದಿಂದ ನನ್ನ ಗಣಿತ ಬದಲಾಯಿತು. ಒಂದು ಸೀರೆಗೆ ಇಷ್ಟು ಕಂಡಿಕೆಯಾದರೆ ಐದು ಸೀರೆಗೆ ಎಷ್ಟು? ಸಾವುಕಾರನ ಲೆಕ್ಕದಲ್ಲಿ ಅಪ್ಪನಿಗೆ ಎಷ್ಟು ಕಡಿಮೆ ಬಂತು? ಗುಣಾಕಾರ ಕಲಿತದ್ದು ನಾನು, ಲೆಕ್ಕ ಕೇಳಲು ಕಲಿತದ್ದು ನಮ್ಮಪ್ಪ.

ಗೆಳೆಯರೇ, ಆ ಗುರುಗಳು ನಿಯಮ ಮುರಿದರೇ? ಮುರಿದರು. ತಪ್ಪೇ? ನನ್ನನ್ನು ಹೊರಗೆ ನಿಲ್ಲಿಸಿದ್ದರೆ ನಿಯಮ ಉಳಿಯುತ್ತಿತ್ತು, ನಾನು ಸಾಲಿ ಬಿಡುತ್ತಿದ್ದೆ. ಇಂದು ಕಾನೂನು ಬದಲಾಗಿದೆ. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ, ಮನೆಯ ಕಸುಬಿನಲ್ಲಿ ಮಗು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು ಎನ್ನುತ್ತದೆ. ಕೈಜೋಡಿಸುವುದು ಎಲ್ಲಿ ಮುಗಿಯುತ್ತದೆ, ದುಡಿತ ಎಲ್ಲಿ ಶುರುವಾಗುತ್ತದೆ? ಆ ಗೆರೆಯನ್ನು ದೆಹಲಿಯ ಕಾಯ್ದೆ ಎಳೆಯಲಾರದು. ಮಗುವಿನ ಕಣ್ಣಿನ ನಿದ್ದೆ ನೋಡಿದ ಶಿಕ್ಷಕರು, ಅದರ ಮನೆಯ ಹೊಸ್ತಿಲು ತುಳಿದ ಶಿಕ್ಷಕರು ಮಾತ್ರ ಎಳೆಯಬಲ್ಲರು.

ಗೋಡೆ ಹಾರಿದ ಚೀಟಿ

ಈಗ ಎಲ್ಲರೂ ಬಲ್ಲ, ಯಾರೂ ಆಡದ ವಿಷಯಕ್ಕೆ ಬರುತ್ತೇನೆ. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ನೆಲ ಕಚ್ಚಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿ, ಎತ್ತಿ ಎತ್ತಿ ನಿಲ್ಲಿಸಿದ ಮೇಲೂ ಸಿಕ್ಕಿದ್ದು ಶೇ 73.40. ಕ್ಯಾಮೆರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ. ಅಲ್ಲಿಯವರೆಗೆ ನಾವೆಲ್ಲ ಸೇರಿ ಮುಚ್ಚಿಟ್ಟದ್ದನ್ನು ತೋರಿಸಿತು, ಅಷ್ಟೇ.

'ನಾವೆಲ್ಲ' ಎಂದು ಬೇಕೆಂದೇ ಬರೆದಿದ್ದೇನೆ. ಕಂಪೌಂಡ್ ಗೋಡೆ ಹಾರಿ ಚೀಟಿ ಎಸೆದವರು ಯಾರು? ಅಣ್ಣಂದಿರು, ಮಾವಂದಿರು, ಓಣಿಯ ಗೆಳೆಯರು. ಬಹುಶಃ ನೀವು, ಬಹುಶಃ ನಾನು. ಕೋಣೆಯಲ್ಲಿ ಕಟ್ಟುನಿಟ್ಟು ಮಾಡಿದ ಮಾಸ್ತರರನ್ನು ಹೊರಗೆ "ನಮ್ಮ ಊರಾಗ ಇರೂದೈತಿಲ್ಲ?" ಎಂದು ಹೆದರಿಸಿದವರು ಯಾರು? ಮೇಲಿನಿಂದ "ನಿಮ್ಮ ಶಾಲೆಯ ಪರ್ಸೆಂಟೇಜ್ ಎಷ್ಟು?" ಎಂಬ ಫೋನು, ಕೆಳಗಿನಿಂದ ಊರವರ ಕಣ್ಣು. ನಡುವೆ ಸಿಕ್ಕ ಶಿಕ್ಷಕ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಅವನ ಮಾತಿನ ಮೇಲೆ ನಂಬಿಕೆ ಹೋದ ದಿನ ಅವನ ತಲೆಯ ಮೇಲೆ ಕ್ಯಾಮೆರಾ ಬಂತು. ಒಬ್ಬ ಶಿಕ್ಷಕನ ವಿವೇಚನೆಯನ್ನು ನಾವು ಮುರಿದಾಗಲೆಲ್ಲ ಆ ಜಾಗಕ್ಕೆ ಒಂದು ಯಂತ್ರ ಬಂದು ಕೂರುತ್ತದೆ. ಯಂತ್ರಕ್ಕೆ ಕಳ್ಳತನ ಕಾಣುತ್ತದೆ. ಅಕ್ಷರ ಕೂಡಿಸಲು ಬಾರದೆ ಹತ್ತನೆಯ ತರಗತಿಗೆ ಬಂದು ಕೂತ ಹುಡುಗನ ಅಳು ಕಾಣುವುದಿಲ್ಲ.

ಅದೇ 2024ರಲ್ಲಿ 625ಕ್ಕೆ 625 ಅಂಕ ತೆಗೆದು ಇಡೀ ರಾಜ್ಯಕ್ಕೆ ಮೊದಲಿಗಳಾದವಳು ಯಾವ ಊರಿನವಳು ಗೊತ್ತೇ? ಇದೇ ಮುಧೋಳ ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ಕ್ಯಾಮೆರಾ ಇದ್ದ ವರ್ಷವೇ! ಆಗ ಎಲ್ಲರೂ ಹೂಮಾಲೆ ಹಿಡಿದು ಓಡಿದೆವು. ಓಡಬೇಕಾದ್ದೇ. ಆದರೆ ಅದೇ ವರ್ಷ ಫೇಲಾದ ಹುಡುಗನ ಮನೆಗೆ ಯಾರು ಹೋದರು? ಹೋದವರು ಇದ್ದರೆ ಅವರು ಶಿಕ್ಷಕರೇ, "ಮತ್ತೊಮ್ಮೆ ಕಟ್ಟು, ನಾನು ಹೇಳಿಕೊಡ್ತೀನಿ" ಎಂದವರು. ಅವರಿಗೆ ಯಾರೂ ಮಾಲೆ ಹಾಕಲಿಲ್ಲ.

ಮೇಲಿನ ಹಗ್ಗ, ಕೆಳಗಿನ ಹಗ್ಗ

ಶಿಕ್ಷಕರ ಕೈ ಕಟ್ಟುವ ಹಗ್ಗ ಎರಡು.

ಮೇಲಿನ ಹಗ್ಗ ಸರ್ಕಾರದ್ದು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರು ಇದೇ ಶಿಕ್ಷಕರು. ಅದು ಮುಗಿಯಲೆಂದು ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಮಾತು. ಪಾಠ ನಿಂತದ್ದು ಮಾತ್ರ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳದು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಫೋಟೋ ತೆಗೆದು ಕಳಿಸುವ ಕೆಲಸ ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇನ್ನು ಅತಿಥಿ ಶಿಕ್ಷಕರ ಪಾಡು ಕೇಳುವುದೇ ಬೇಡ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದ ಮನುಷ್ಯ ಯಾರ ಮುಂದೆ ನಿಂತು 'ಇದು ತಪ್ಪು' ಎಂದಾನು?

ಕೆಳಗಿನ ಹಗ್ಗ ನಮ್ಮದು. ಮಗುವಿಗೆ ಒಂದು ಮಾತು ಬಿರುಸಾಗಿ ಅಂದರೆಂದು ಹತ್ತು ಜನ ಗುಂಪು ಕಟ್ಟಿ ಶಾಲೆಗೆ ನುಗ್ಗುತ್ತೇವೆ. ಮೊಬೈಲ್ ಹಿಡಿದು ಮಕ್ಕಳ ಎದುರಿಗೇ ಕ್ಷಮೆ ಕೇಳಿಸುತ್ತೇವೆ. ಸಂಜೆಗೆ ಊರ ತುಂಬ ವಿಡಿಯೊ. ಶಲ್ಯ ಹಾಕಿಕೊಂಡು ಇಂಥ ಕೆಲಸ ಮಾಡಿದವರು ನಮ್ಮ ಸಂಘಟನೆಗಳಲ್ಲೂ ಇದ್ದಾರೆ, ಮುಚ್ಚಿಡುವುದೇಕೆ? ಮರುದಿನ ಆ ಶಿಕ್ಷಕರು ತರಗತಿಯಲ್ಲಿ ನಿಂತು ಯಾವ ಮುಖದಿಂದ ಪಾಠ ಮಾಡಬೇಕು? ಅವರು ಇನ್ನು ಯಾವ ಮಗುವಿಗೂ ಏನೂ ಹೇಳುವುದಿಲ್ಲ. ಸುಮ್ಮನೆ ಬಂದು, ಸಹಿ ಹಾಕಿ, ಸುಮ್ಮನೆ ಹೋಗುತ್ತಾರೆ. ಆಗ ನಾವೇ, "ಸರ್ಕಾರಿ ಸಾಲ್ಯಾಗ ಏನ್ ಕಲಸ್ತಾರ?" ಎನ್ನುತ್ತೇವೆ.

1966ರಷ್ಟು ಹಿಂದೆಯೇ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಒಪ್ಪಿಕೊಂಡವು. ಅದರಲ್ಲಿ ಎರಡು ಮಾತು ಜೊತೆಜೊತೆಗೆ ಇವೆ. ಮಗುವಿನ ಒಳಿತಿಗಾಗಿ ಶಿಕ್ಷಕರೂ ಪಾಲಕರೂ ಹತ್ತಿರ ಬರಬೇಕು. ಆದರೆ ಶಿಕ್ಷಕರ ವೃತ್ತಿಗೇ ಸೇರಿದ ವಿಷಯಗಳಲ್ಲಿ ಪಾಲಕರ ಅನ್ಯಾಯದ ಹಸ್ತಕ್ಷೇಪದಿಂದ ಅವರಿಗೆ ರಕ್ಷಣೆ ಇರಬೇಕು. ಹತ್ತಿರ ಬನ್ನಿ, ಆದರೆ ಕೈ ಹಿಡಿದು ತಿರುವಬೇಡಿ ಎಂದರ್ಥ.

ಹಾಗಾದರೆ ಮಾಸ್ತರರು ಮಾಡಿದ್ದೆಲ್ಲ ಸರಿಯೇ?

ಇಲ್ಲ! ಇಲ್ಲಿ ಶಿಕ್ಷಕ ಬಂಧುಗಳೂ ಕಿವಿಗೊಡಬೇಕು.

ಹೊಡೆತ ವಿವೇಚನೆಯಲ್ಲ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಸಂಬಳ ತೆಗೆದುಕೊಂಡು ಸಂಜೆ ಖಾಸಗಿ ಟ್ಯೂಷನ್ ನಡೆಸುವುದನ್ನು 28ನೇ ಕಲಂ ನಿಷೇಧಿಸಿದೆ. ಮಗುವಿನ ಜಾತಿ ನೋಡಿ ಕೂರುವ ಜಾಗ ತೋರಿಸುವವರು, ಬಿಸಿಯೂಟದ ಸಾಲಿನಲ್ಲಿ ಭೇದ ಮಾಡುವವರು ಆ ಕುರ್ಚಿಗೇ ಯೋಗ್ಯರಲ್ಲ. ಕನ್ನಡ ಸಾಲಿಯ ಸಂಬಳ ಉಂಡು, ಸಾಲಿಯ ಅಂಗಳದಲ್ಲೇ "ಇಲ್ಲಿ ಏನೂ ಆಗಾಂಗಿಲ್ಲ, ಬ್ಯಾರೆ ಕಡೆ ಹಚ್ಚರಿ" ಎಂದು ಪಾಲಕರಿಗೆ ಬುದ್ಧಿ ಹೇಳುವವರಿಗೆ ಏನೆನ್ನಬೇಕು? ತಮ್ಮ ಅಂಗಡಿಯ ಅಕ್ಕಿಗೆ ತಾವೇ ಹುಳ ಎಂದು ಕೂಗುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿವೇಚನೆಗೂ ದರ್ಪಕ್ಕೂ ವ್ಯತ್ಯಾಸ ತಿಳಿಯಲು ಒಂದೇ ಒರೆಗಲ್ಲು ಇದೆ. ಶಿಕ್ಷಕರು ತಮ್ಮ ತೀರ್ಮಾನದ ಕಾರಣವನ್ನು ಮಗುವಿನ ತಾಯಿಯ ಎದುರು, ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲರೇ? ಹೇಳಬಲ್ಲರಾದರೆ ಅದು ವಿವೇಚನೆ. "ನನಗೆ ಹೇಳಾಕ ಬರಬ್ಯಾಡ" ಎಂದರೆ ದರ್ಪ. ನಮ್ಮ ಗುರುಗಳು ಮಗ್ಗದ ಅಂಚಿನಲ್ಲಿ ಕೂತು ಕಾರಣ ಹೇಳಿದರು. ಕಾಯ್ದೆಯ 24ನೇ ಕಲಂ ಕೇಳುವುದೂ ಅದನ್ನೇ: ಹೊತ್ತಿಗೆ ಸರಿಯಾಗಿ ಬನ್ನಿ, ಪ್ರತಿ ಮಗುವಿನ ಕಲಿಕೆ ಅಳೆಯಿರಿ, ಹಿಂದುಳಿದವರಿಗೆ ಹೆಚ್ಚು ಹೇಳಿಕೊಡಿ, ಪಾಲಕರನ್ನು ಕರೆದು ಮಗು ಹೇಗಿದೆ ಎಂದು ತಿಳಿಸಿ.

ನದಿಗೆ ಒಡ್ಡು ಹಾಕಿದವರು ನಾವು

ಊರು ಸೇರಿದರೆ ಏನಾಗುತ್ತದೆ ಎಂದು ಜಮಖಂಡಿಯವರಿಗೆ ನಾನು ಹೇಳಬೇಕೇ? 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಬ್ಯಾರೇಜ್ ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು, ರೈತರು ಹಣ ಕೊಟ್ಟರು, ಮೈಮುರಿದು ದುಡಿದರು. ಸರ್ಕಾರ ಮಾಡಲಿ ಎಂದು ಕಾಯಲಿಲ್ಲ. ಶ್ರಮಬಿಂದು ಸಾಗರ ಎಂಬ ಹೆಸರೇ ಆ ಕಥೆ ಹೇಳುತ್ತದೆ. ಆದರೆ ಒಂದು ಮಾತು ನೆನಪಿಡಿ. ಎಷ್ಟು ಎತ್ತರ, ಎಷ್ಟು ದಪ್ಪ, ಗೇಟು ಎಲ್ಲಿ ಎಂಬುದನ್ನು ಬಲ್ಲವರಿಗೆ ಬಿಡದಿದ್ದರೆ ಯಾವ ಒಡ್ಡೂ ನಿಲ್ಲದು. ಶಾಲೆಯೂ ಹಾಗೆಯೇ. ಕಲ್ಲು ಊರಿನದು, ಕಸುಬು ಶಿಕ್ಷಕರದು.

ಇದಕ್ಕೆ ಎದುರಾದ ಚಿತ್ರ ಬೀಳಗಿಯಲ್ಲಿದೆ. ಆಲಮಟ್ಟಿಯ ಹಿನ್ನೀರು ನದಿದಂಡೆಯ ಊರುಗಳನ್ನು ನುಂಗಿತು. ಹಿರಿಯರು ಹೊಲದ ತುಂಡು ಬಿಟ್ಟುಕೊಟ್ಟು, ಚಕ್ಕಡಿಯಲ್ಲಿ ಕಲ್ಲು ಹೇರಿ ಕಟ್ಟಿದ ಸಾಲಿಗಳು ನೀರಿನಡಿಗೆ ಹೋದವು. ಪುನರ್ವಸತಿ ಕೇಂದ್ರದಲ್ಲಿ ಸರ್ಕಾರ ಹೊಸ ಕಟ್ಟಡ ಕೊಟ್ಟಿತು. ಗೋಡೆ ಬಂತು, 'ನಮ್ಮ ಸಾಲಿ' ಎಂಬ ಮಾತು ಬರಲು ತಡವಾಯಿತು. ಹಂಚು ಒಡೆದರೆ ಹಳೆಯ ಊರಿನಲ್ಲಿ ಯಾರೋ ಒಬ್ಬ ಏಣಿ ತರುತ್ತಿದ್ದ. ಹೊಸ ಊರಿನಲ್ಲಿ ಅರ್ಜಿ ಬರೆಯುತ್ತಾರೆ. ಅಣೆಕಟ್ಟಿನ ಎತ್ತರ ಹೆಚ್ಚಿಸಿದರೆ ಇನ್ನಷ್ಟು ಊರು, ಇನ್ನಷ್ಟು ಸಾಲಿ ಮೇಲೇಳಬೇಕಾಗುತ್ತದೆ. ಪರಿಹಾರದ ಲೆಕ್ಕದಲ್ಲಿ ಎಕರೆಗೆ ಬೆಲೆ ಇದೆ, ಈ ನಂಟಿಗೆ ಬೆಲೆ ಕಟ್ಟುವವರಿಲ್ಲ. ಅದನ್ನು ಊರವರೇ ಮತ್ತೆ ಕಟ್ಟಿಕೊಳ್ಳಬೇಕು.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ 'ವಿದ್ಯಾಗಮ' ಎಂದು ಶಿಕ್ಷಕರು ಮಕ್ಕಳಿದ್ದಲ್ಲಿಗೇ ನಡೆದರು. ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನ ಎಲ್ಲವೂ ಸಾಲಿಯಾದವು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಿದರು. ಆದರೆ ಆ ಎರಡು ತಿಂಗಳು ಎಷ್ಟೋ ತಾಯಂದಿರು ಮಗುವಿನ ಪಾಠವನ್ನು ಮೊದಲ ಸಲ ಕಣ್ಣಾರೆ ಕಂಡರು. ಕಲಿಸುವುದು ಎಷ್ಟು ಕಷ್ಟದ ಕೆಲಸ ಎಂದೂ ಕಂಡರು. ಸಾಲಿ ಊರಿಗೆ ಬಂದಿತ್ತು. ಈಗ ಊರು ಸಾಲಿಗೆ ಹೋಗುವ ಸರದಿ.

ನಿಮ್ಮಿಂದ ಆಗಬೇಕಾದ್ದು

ಒಂದು. ನಿಮ್ಮ ಓಣಿಯ ಶಾಲೆಯ ಎಸ್‌.ಡಿ.ಎಂ.ಸಿ.ಯಲ್ಲಿ ಯಾರಿದ್ದಾರೆ ಎಂದು ಈ ವಾರ ವಿಚಾರಿಸಿ. ಕರ್ನಾಟಕದಲ್ಲಿ ಈ ಸಮಿತಿಗಳು ಬಂದದ್ದು 2001ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ನಿಮ್ಮ ಅಕ್ಕ, ಅತ್ತಿಗೆ ಅದರಲ್ಲಿದ್ದರೆ ಸಭೆಗೆ ಅವರೇ ಹೋಗಲಿ, ಅವರ ಬದಲು ಗಂಡ ಹೋಗಿ ಸಹಿ ಹಾಕುವುದು ಬೇಡ. ಪಕ್ಷದ ಜಗಳವನ್ನು ಗೇಟಿನ ಹೊರಗೇ ಬಿಡಿ.

ಎರಡು. ಶಿಕ್ಷಕರ ಮೇಲೆ ದೂರಿದ್ದರೆ ಮೊದಲು ಒಬ್ಬರೇ ಹೋಗಿ, ಮಕ್ಕಳಿಲ್ಲದ ಹೊತ್ತಿನಲ್ಲಿ, ಕೂತು ಕೇಳಿ: "ಸರ್, ಹೀಂಗ್ಯಾಕ ಮಾಡಿದ್ರಿ?" ಕಾರಣ ಸರಿಯಿದ್ದರೆ ಒಪ್ಪಿ. ಇಲ್ಲದಿದ್ದರೆ ಸಮಿತಿಯ ಮುಂದೆ ಇಡಿ, ಆಮೇಲೆ ಬಿ.ಇ.ಓ. ಕಚೇರಿಗೆ ಹೋಗಿ. ಮಗುವಿಗೆ ಹೊಡೆದಿದ್ದರೆ, ಮೈಮುಟ್ಟಿ ಕೆಟ್ಟದಾಗಿ ನಡೆದಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಕಾನೂನಿನ ಬಾಗಿಲು ತಟ್ಟಿ. ಯಾವುದೇ ಸಂದರ್ಭದಲ್ಲಿ ಮಕ್ಕಳ ಮುಂದೆ ಮೊಬೈಲ್ ಹೊರತೆಗೆಯಬೇಡಿ.

ಮೂರು. ಪರೀಕ್ಷೆಯ ದಿನ ಗೋಡೆಯ ಹತ್ತಿರ ಸುಳಿಯಬೇಡಿ. ಅದಕ್ಕೆ ಬದಲು ಜನವರಿಯಿಂದ ಮಾರ್ಚ್‌ವರೆಗೆ ಸಂಜೆ ಒಂದು ತಾಸು ಹತ್ತನೆಯ ತರಗತಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಳ್ಳಿ. ಯಾರನ್ನು ಕೂರಿಸಬೇಕು, ಏನು ಹೇಳಿಕೊಡಬೇಕು ಎಂಬುದನ್ನು ಅವರ ಶಿಕ್ಷಕರನ್ನೇ ಕೇಳಿ.

ನಾಲ್ಕು. ಶಿಕ್ಷಕರನ್ನು ಪಾಠ ಬಿಡಿಸಿ ಬೇರೆ ಕೆಲಸಕ್ಕೆ ಎಳೆದಾಗ ಅವರು ದನಿ ಎತ್ತಲಾರರು, ಅವರು ನೌಕರರು. ನೀವು ಎತ್ತಿ. 27ನೇ ಕಲಂ ಹಿಡಿದು ತಹಶೀಲ್ದಾರರಿಗೆ ಮನವಿ ಕೊಡಿ. ಬೋರ್ಡಿಗೆ ಮಸಿ ಬಳಿಯುವುದಕ್ಕಿಂತ ಇದು ನಿಧಾನದ ಕೆಲಸ, ಪತ್ರಿಕೆಯಲ್ಲಿ ಫೋಟೋ ಬರುವುದಿಲ್ಲ. ಆದರೂ ಮಾಡಿ.

ಕೊನೆಯದಾಗಿ, ಮುಧೋಳದವರಿಗೆ ನೆನಪು ಮಾಡುವ ಒಂದು ಮಾತು. ಸಾವಿರ ವರ್ಷದ ಹಿಂದೆ ನಿಮ್ಮ ಊರಿನಲ್ಲಿ ಬಳೆಗಾರರ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಬಳೆಯ ಮಲಾರ ಹೊರಬೇಕಾಗಿದ್ದ ಹುಡುಗ ಗುರುವನ್ನು ಹುಡುಕಿಕೊಂಡು ಶ್ರವಣಬೆಳಗೊಳದವರೆಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಅವನಿಗೆ ವಿದ್ಯೆ ಕೊಟ್ಟರು. ಬಳೆಗಾರನ ಮಗನಿಗೆ ಕಾವ್ಯವೇಕೆ ಎಂದು ತಿರುಗಿಸಿ ಕಳಿಸಿದ್ದರೆ ಕನ್ನಡಕ್ಕೆ ರನ್ನನಿರಲಿಲ್ಲ, ಗದಾಯುದ್ಧವೂ ಇರಲಿಲ್ಲ. ಒಬ್ಬ ಗುರುವಿನ ತೀರ್ಮಾನ ಇಷ್ಟು ದೂರ ಬಂತು.

ಇಂದು ನಿಮ್ಮ ಓಣಿಯ ಸಾಲಿಯಲ್ಲಿ ನೇಕಾರನ ಮಗಳು, ಕಬ್ಬು ಕಡಿಯುವವನ ಮಗ, ಬಳೆ ಮಾರುವವಳ ಮೊಮ್ಮಗ ಕೂತಿದ್ದಾರೆ. ಅವರ ಮುಂದೆ ಒಬ್ಬ ಶಿಕ್ಷಕರು ಸೀಮೆಸುಣ್ಣ ಹಿಡಿದು ನಿಂತಿದ್ದಾರೆ. ಅವರ ಕೈ ಬಿಚ್ಚಿ. ಬಿಚ್ಚಿದ ಮೇಲೆ ಆ ಕೈ ಏನು ಬರೆಯಿತು ಎಂದು ಕೇಳುವ ಹಕ್ಕು ನಿಮ್ಮದು.

ಸೋಮವಾರ ಸಾಲಿ ತೆರೆಯುತ್ತದೆ. ಹೋಗಿ ಬನ್ನಿ!